ಸಿಸ್ಟರಪ್ಪ

ನಾನು ಗಂಡಸು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ನಮ್ಮ ವಾರ್ಡಿನಲ್ಲಿ ಈ ವಿಷಯಕ್ಕೆ ಒಮ್ಮತವಿಲ್ಲ. ಬಿಳಿ ಕೋಟು ಕಂಡವರು ‘ಡಾಕ್ಟ್ರೇ’ ಅನ್ನುತ್ತಾರೆ. ಕೈಯಲ್ಲಿ ಥರ್ಮಾಮೀಟರ್ ಕಂಡ ಕೂಡಲೇ ‘ಕಾಂಪೌಂಡ್ರು’ ಎಂದು ಹಿಂಬಡ್ತಿ ಕೊಡುತ್ತಾರೆ. ನರ್ಸಿಂಗ್ ಓದುತ್ತಿರುವ ನಾನು ಆಸ್ಪತ್ರೆಯ ಲೆಕ್ಕದಲ್ಲಿ ‘ಬ್ರದರ್’. ಎಂಟನೇ ಬೆಡ್ಡಿನ ಚನ್ನಗಿರಿ ಕಡೆಯ ಅಜ್ಜಿ ಮಾತ್ರ ಎರಡು ದಿನ ನನ್ನನ್ನು ಅಳೆದು ನೋಡಿ ಮೂರನೇ ದಿನ ತೀರ್ಪು ಕೊಟ್ಟರು: “ಸಿಸ್ಟರಪ್ಪಾ, ಒಂದೀಟು ನೀರ್ ಕೊಡಪ್ಪ.”

ತಪ್ಪು ಅಜ್ಜಿಯದಲ್ಲ. 1854ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಸೈನಿಕರ ಶುಶ್ರೂಷೆಗೆ ಸ್ಕುಟಾರಿಗೆ ಹೊರಟಾಗ ಕರೆದುಕೊಂಡು ಹೋದದ್ದು 38 ಹೆಂಗಸರನ್ನು. ಮೂವತ್ತೊಂಬತ್ತನೆಯವನಾಗಿ ಒಬ್ಬ ಗಂಡಸು ಗಾಡಿ ಹತ್ತಿದ್ದರೆ ಇವತ್ತು ನನಗೂ ಒಂದು ನೆಟ್ಟಗಿನ ಹೆಸರಿರುತ್ತಿತ್ತು.

ಆ ತೀರ್ಪಿಗೆ ಎರಡು ದಿನ ಮೊದಲು, ವಾರ್ಡಿಗೆ ಕಾಲಿಟ್ಟ ಬೆಳಿಗ್ಗೆಯೇ, ನಾನು ಅಜ್ಜಿಯ ಕೈ ಹಿಡಿದಿದ್ದೆ. ಹುಟ್ಟಿದಾಗಿನಿಂದ ನಾನು ಹಿಡಿದ ಮೊದಲ ಪರಸ್ತ್ರೀಯ ಕೈ. ನಾಡಿ ನೋಡಬೇಕಿತ್ತು. ಮಣಿಕಟ್ಟಿನ ಹೆಬ್ಬೆರಳ ಬದಿಗೆ ಮೂರು ಬೆರಳಿಟ್ಟು ಒಂದು ನಿಮಿಷ ಎಣಿಸಬೇಕು. ಹೆಬ್ಬೆರಳನ್ನು ಮಾತ್ರ ಇಡಕೂಡದು, ಅದಕ್ಕೆ ತನ್ನದೇ ಬಡಿತವಿರುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆದು ಪೂರ್ತಿ ಅಂಕ ತೆಗೆದಿದ್ದೆ. ಅಜ್ಜಿಯ ಬಳೆ, ಅಜ್ಜಿಯ ದೃಷ್ಟಿ, ಬೆನ್ನ ಹಿಂದೆ ಪಾಠ ಹೇಳುವ ಮೇಡಂ. ಮೂರು ಬೆರಳಿಗೆ ಏನೂ ಸಿಗಲಿಲ್ಲ. ಹೆಬ್ಬೆರಳು ತಾನಾಗಿಯೇ ಹೋಗಿ ಕೂತಿತು. ಆಹಾ! ಡೊಳ್ಳು ಬಾರಿಸಿದ ಹಾಗೆ ಸಿಕ್ಕಿತು ನಾಡಿ. ಎಣಿಸಿದೆ. ನೂರು ದಾಟಿತು. ನೂರಿಪ್ಪತ್ತು. ಎಣಿಕೆ ಏರಿದಷ್ಟೂ ಗಾಬರಿ, ಗಾಬರಿ ಏರಿದಷ್ಟೂ ಎಣಿಕೆ. 138!

“ಮೇಡಂ, ಪೇಷಂಟ್ ಹೋಗ್ತಿದಾರೆ!” ಎಂದು ಕೂಗಿದೆ. ಸಿಸ್ಟರ್ ಓಡಿ ಬಂದರು. ಇಸಿಜಿ ಯಂತ್ರ ಗಡಗಡ ಉರುಳಿ ಬಂತು. ಪಕ್ಕದ ಬೆಡ್ಡಿನವರು ದೇವರನ್ನು ನೆನೆದರು. ಹೋಗುತ್ತಿದ್ದ ಅಜ್ಜಿ ದಿಂಬಿನಡಿಯಿಂದ ಕದ್ದು ಎಲೆಅಡಿಕೆ ತೆಗೆದು ಸುಣ್ಣ ಸವರುತ್ತಿದ್ದರು. ಸಿಸ್ಟರ್ ಮತ್ತೆ ನಾಡಿ ಹಿಡಿದರು: 74.

“ಹಾಗಾದ್ರೆ ಆ 138 ಯಾರದು?”

ವಾರ್ಡಿಗೆ ವಾರ್ಡೇ ನನ್ನ ಕಡೆ ತಿರುಗಿತು. ಅಜ್ಜಿ ಪಕ್ಕಕ್ಕೆ ಸರಿದು ಮಂಚದಲ್ಲಿ ಜಾಗ ಮಾಡಿದರು. “ಪಾಪ, ಮೊದ್ಲು ಈ ಹುಡುಗನ್ನ ಮಲಗಿಸ್ರವ್ವ.”

ಇಂಜೆಕ್ಷನ್ನು, ಎನಿಮಾ, ಬೆಡ್‌ಪ್ಯಾನು ಎಲ್ಲ ಕಲಿತೆ; ವಿವರ ಬೇಡ, ನೀವು ಊಟ ಮಾಡುವವರು. ಮದುವೆಮನೆಯ ಪಂಕ್ತಿಯಲ್ಲಿ ಹತ್ತು ಜನ ಕೇಳುವ ಹಾಗೆ “ಎಂಬಿಬಿಎಸ್ ಸೀಟು ಸಿಗಲಿಲ್ವೇನೋ?” ಅನ್ನುವ ಚಿಕ್ಕಪ್ಪ ಮೂಲವ್ಯಾಧಿ ಕೆರಳಿದಾಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುವುದು ಮಾತ್ರ ನನಗೇ. ಆಗ ದನಿ ಬಹಳ ಮೆದು.

ಕಳೆದ ತಿಂಗಳು ಗಂಡಸರ ವಾರ್ಡಿನಲ್ಲಿ ರಾತ್ರಿ ಪಾಳಿ. ಎಪಿಎಂಸಿಯಲ್ಲಿ ಮೂಟೆ ಹೊರುತ್ತಿದ್ದವರೊಬ್ಬರು ನನ್ನ ಕೈ ಹಿಡಿದುಕೊಂಡೇ ಇದ್ದರು, ಮಗನ ಬಸ್ಸು ಇನ್ನೂ ಬಂದಿರಲಿಲ್ಲ. ಡಾಕ್ಟರು ಎದೆ ಒತ್ತಿ ಒತ್ತಿ ಕೊನೆಗೆ ಗಡಿಯಾರ ನೋಡಿದರು. ನನ್ನ ಮೂರು ಬೆರಳು ಸರಿಯಾದ ಜಾಗದಲ್ಲೇ ಇದ್ದವು. ಹೆಬ್ಬೆರಳು ಇಟ್ಟುಬಿಡಲೇ ಅನ್ನಿಸಿತು. ಯಾರದೋ ಒಂದು ಬಡಿತವಾದರೂ ಸಿಗುತ್ತಿತ್ತು.

ಮುಂದೇನು ಅಂತ ಎಲ್ಲರೂ ಕೇಳುತ್ತಾರೆ. ಜರ್ಮನಿಗೆ ಹೋಗಬೇಕು ಅಂದುಕೊಂಡಿದ್ದೇನೆ. ಜರ್ಮನ್ ಕ್ಲಾಸಿಗೆ ಸೇರಿ ಬಿ2 ಮಟ್ಟದ ಕನಸು ಕಾಣುತ್ತಾ ಎ1ರಲ್ಲಿ ಒದ್ದಾಡುತ್ತಿದ್ದೇನೆ. ಅಲ್ಲಾದರೂ ನನ್ನ ಹೆಸರಿನ ತಕರಾರು ಮುಗಿದೀತು ಅಂತ ಆಸೆ. ಮೂರನೇ ಪಾಠಕ್ಕೇ ಗೊತ್ತಾಯಿತು, ಅಲ್ಲಿನ ರೋಗಿಗಳು ನರ್ಸನ್ನು ಕೂಗುವುದು ‘ಶ್ವೆಸ್ಟರ್’ ಎಂದು. ಹಾಗೆಂದರೆ ಸಿಸ್ಟರ್! ಗಂಡಸಿಗೆ ಬೇರೆ ಪದವಿದೆ, ‘ಪ್ಫ್ಲೇಗರ್’. ಪ ಮತ್ತು ಫ ಎರಡನ್ನೂ ಒಂದೇ ಉಸಿರಿಗೆ ಉಗುಳಬೇಕು. ನಿನ್ನೆ ರಾತ್ರಿ ಹಾಸ್ಟೆಲಿನಲ್ಲಿ ಹತ್ತು ಸಲ ಉಗುಳಿದೆ. ಎದುರಿಗೆ ಕೂತಿದ್ದ ಕೊಟ್ಟಾಯಂ ರೂಮ್‌ಮೇಟ್ ಟವೆಲ್ ತಗೊಂಡು ಮುಖ ಒರೆಸಿಕೊಂಡ.

“ಬ್ರದರೇ,” ಅಂದ, “ನೀನು ಶ್ವೆಸ್ಟರ್ ಆಗೇ ಇರು.”