ಗೆದ್ದಲಿಗೆ ಒಗ್ಗದ ಕಟ್ಟಿಗೆ

ಒತ್ತಡದಲ್ಲಿ ಮದ್ದು ಕುಡಿಸಿದ ಕಟ್ಟಿಗೆಗೆ ಹಳಿಯಾಳ ತಾಲೂಕಿನ ತೇರಗಾಂವದ ಕಡೆ ಅಷ್ಟೇನೂ ಮರ್ಯಾದೆಯಿಲ್ಲ. ಇದು ಸಾಗವಾನಿಯ ಸೀಮೆ. ಸಾಗವಾನಿಯ ಚೇಗನ್ನು ಕಂಡರೆ ಗೆದ್ದಲೇ ಮುಖ ತಿರುಗಿಸುತ್ತದೆ. ಅದೇ ಮರದ ಹೊರಗಿನ ಬಿಳಿ ಭಾಗಕ್ಕೂ ನೀಲಗಿರಿ ಕಂಬಕ್ಕೂ ಆ ಭಾಗ್ಯವಿಲ್ಲ. ಅಂಥವನ್ನು ಉಕ್ಕಿನ ಸಿಲಿಂಡರಿನಲ್ಲಿ ಕೂಡಿಹಾಕಿ, ಒಳಗಿನ ಗಾಳಿ ಎಳೆದು, ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆತ ದ್ರಾವಣವನ್ನು ಒತ್ತಿ ತುಂಬುತ್ತಾರೆ. ಈ ಮದ್ದು ಪರದೇಶದ್ದಲ್ಲ. 1933ರಲ್ಲಿ ಸೊಂಟಿ ಕಾಮೇಶಂ ಡೆಹ್ರಾಡೂನಿನಲ್ಲಿ ಕಂಡುಹಿಡಿದದ್ದು.

ಗುರುತಿಸಲು ಮೊದಲು ನೋಡುವುದು ಬಣ್ಣ. ತಾಮ್ರದ ದೆಸೆಯಿಂದ ಹೊಸ ಕಟ್ಟಿಗೆ ತಿಳಿ ಹಸಿರಾಗಿರುತ್ತದೆ. ಆದರೆ ಮಳೆ ಬಿಸಿಲು ಕಂಡ ಮೇಲೆ ಅದೂ ಎಲ್ಲ ಕಟ್ಟಿಗೆಯಂತೆ ಬೂದಿಬಣ್ಣಕ್ಕೆ ತಿರುಗುತ್ತದೆ. ಮೇಲೆ ಹಸಿರು ಬಣ್ಣ ಬಳಿದು ಮದ್ದಿನದೆಂದು ಮಾರಲು ಮಹಾ ವಿದ್ಯೆಯೇನೂ ಬೇಕಿಲ್ಲ. ಆದ್ದರಿಂದ ನಂಬಬೇಕಾದದ್ದು ಗರಗಸವನ್ನು. ಕಂಬವನ್ನು ನಡುವೆ ಕೊಯ್ದರೆ ಹೊರಸುತ್ತಿನಲ್ಲಿ ಬಳೆಯಂತೆ ಹಸಿರು ಅಂಚು ಕಾಣಬೇಕು. ಚೇಗು ಮದ್ದನ್ನೂ ಸುಲಭಕ್ಕೆ ಒಳಗೆ ಬಿಡದು. ಬಳಿದ ಬಣ್ಣವಾದರೆ ಹಸಿರು ಮೈಮೇಲಷ್ಟೇ. ಇನ್ನೂ ಅನುಮಾನವಿದ್ದರೆ ಕ್ರೋಮ್ ಅಝುರಾಲ್ ದ್ರಾವಣ ಸಿಂಪಡಿಸುತ್ತಾರೆ. ತಾಮ್ರವಿದ್ದಲ್ಲಿ ಕಡುನೀಲಿ ಮೂಡುತ್ತದೆ.

ಹಳೆಯ ರೈಲು ಸ್ಲೀಪರಿಗೆ ಇಷ್ಟೆಲ್ಲ ಪರೀಕ್ಷೆ ಬೇಡ. ಕ್ರಿಯೋಸೋಟ್ ಕುಡಿದ ಆ ಕರಿ ತುಂಡಿನ ಡಾಂಬರು ವಾಸನೆಯೇ ಜಾತಕ ಹೇಳುತ್ತದೆ. ಎರಡನ್ನೂ ಬಚ್ಚಲ ಒಲೆಗೆ ಒಡ್ಡುವಂತಿಲ್ಲ: ಸ್ಲೀಪರಿನ ಹೊಗೆ ವಿಷ, ಹಸಿರು ಕಟ್ಟಿಗೆಯ ಆರ್ಸೆನಿಕ್ ಹೊಗೆಯಲ್ಲೂ ಬರುತ್ತದೆ, ಬೂದಿಯಲ್ಲೂ ಉಳಿಯುತ್ತದೆ.