ಭಾವನ ಬಾರ್ಬೆಕ್ಯೂ

ಭಾವ ದುಬೈ ಬಿಟ್ಟು ಊರಿಗೆ ಬರುವಾಗ ತಂದ ದೊಡ್ಡ ಆಸ್ತಿ ಮೂರು: ಹುಲಿಯ ಚಿತ್ರದ ಕಂಬಳಿ, ಸಕ್ಕರೆ ಕಾಯಿಲೆ ಮತ್ತು ಒಂದು ಗ್ಯಾಸ್ ಗ್ರಿಲ್. ಕಂಬಳಿ ಅತ್ತೆಗೆ ಹೋಯಿತು. ಕಾಯಿಲೆಯನ್ನು ಅವರೇ ಇಟ್ಟುಕೊಂಡರು. ಗ್ರಿಲ್ ಮಾತ್ರ ಕಾಪುವಿನ ಮನೆಯ ತಾರಸಿಯಲ್ಲಿ ಕಡಲಿಗೆ ಮುಖ ಮಾಡಿ ಮೂರು ಮಳೆಗಾಲ ನಿಂತಿತು. "ಬೇಕಾದರೆ ಕೊಂಡುಹೋಗು ಮಾರಾಯ, ಇಲ್ಲದಿದ್ದರೆ ಗುಜರಿಗೆ" ಎಂದರು ಭಾವ. ಪುಕ್ಕಟೆ ಸಿಕ್ಕಿದರೆ ಭಾರ ಕೇಳುವ ಜಾತಿಯವನಲ್ಲ ನಾನು. ರಿಕ್ಷಾ ಟೆಂಪೋದಲ್ಲಿ ಹೇರಿಕೊಂಡು ಉಡುಪಿಗೆ ಬಂದೆ.

"ಈರುಳ್ಳಿ ತಿನ್ನುವುದಕ್ಕೇ ಪಂಚಾಂಗ ನೋಡುವ ಮನೆ ಇದು. ಇದರಲ್ಲಿ ಎಂಥ ಸುಡುವುದು?" ಎಂದು ಹೆಂಡತಿ ಕೇಳಿದಳು.

"ಮೊದಲು ಇದು ಸರಿಯಾಗಲಿ" ಎಂದೆ.

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ನಮ್ಮಲ್ಲಿ ತುಕ್ಕೆಂದರೆ ಮನೆಯ ಒಬ್ಬ ಸದಸ್ಯ. ಅದರ ಮೇಲೆ ಉಪ್ಪಿನ ಗಾಳಿ. 1901ರಿಂದ ಕಡಲು ಕಾಯುತ್ತಿರುವ ಕಾಪುವಿನ ದೀಪಸ್ತಂಭಕ್ಕೇ ಕಪ್ಪುಬಿಳುಪು ಪಟ್ಟಿ ಬಳಿದು ಮರ್ಯಾದೆ ಉಳಿಸಬೇಕಾದರೆ ಭಾವನ ತಗಡಿನ ಪಾಡೇನು! ತಮಾಷೆಯೆಂದರೆ ಬಾರ್ಬೆಕ್ಯೂವಿಗೂ ಕಡಲಿಗೂ ಹಳೆಯ ನೆಂಟಸ್ತಿಕೆ ಇದೆ. 1952ರಲ್ಲಿ ಷಿಕಾಗೋ ಕಡೆಯ ಜಾರ್ಜ್ ಸ್ಟೀಫನ್ ಎಂಬವರು, ಹಡಗಿಗೆ ದಾರಿ ತೋರಿಸಲು ನೀರಲ್ಲಿ ತೇಲಿಬಿಡುವ ಲೋಹದ ಬುರುಡೆಯನ್ನು ಎರಡಾಗಿ ಕತ್ತರಿಸಿ, ಮುಚ್ಚಳವಿರುವ ದುಂಡನೆಯ ಇದ್ದಿಲ ಗ್ರಿಲ್ ಮಾಡಿದರು. ಅಂಥ ಕಡಲ ಮನೆತನದ ಕುಡಿ ಕಾಪುವಿನ ಗಾಳಿಗೆ ಹೀಗೆ ಮುಗ್ಗರಿಸಬಾರದಿತ್ತು.

ಗೇಟಿಗೆ ಬಳಿದು ಉಳಿದ ಹಸಿರು ಎನಾಮಲ್ ಪೇಂಟು ಮನೆಯಲ್ಲಿತ್ತು. ತುಕ್ಕಿನ ಮೇಲೆಯೇ ಎರಡು ಕೋಟು ಎಳೆದೆ. ಗ್ರಿಲ್ ಹೊಸ ಮದುಮಗನ ಹಾಗೆ ಕಂಡಿತು. ಕಾವು ಹಿಡಿಯುತ್ತದೆಯೇ ನೋಡೋಣವೆಂದು ಒಳಗೆ ನಾಲ್ಕು ಕರಟ ಉರಿಸಿದೆ. ಹತ್ತು ನಿಮಿಷದಲ್ಲಿ ಮದುಮಗನ ಮೈಯೆಲ್ಲ ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಉಬ್ಬಿತು. ಆಚೆಮನೆಯವರು ಬೇಲಿಯಿಂದ ಇಣುಕಿ, "ಟಯರ್ ಸುಡ್ತಿದ್ದೀರಾ ಮಾರಾಯ್ರೆ?" ಎಂದು ವಿಚಾರಿಸಿದರು.

ಬುದ್ಧಿ ಹೇಳಿದವನು ಮಣಿಪಾಲದಲ್ಲಿ ಕಾಲೇಜು ಹುಡುಗರ ಬೈಕು ರಿಪೇರಿ ಮಾಡುವವನು. "ಸೈಲೆನ್ಸರಿಗೆ ಹೊಡೆಯುವ ಕಪ್ಪು ತಗೊಳ್ಳಿ ಸಾರ್. ಅದು ಬೆಂಕಿ ತಡೀತದೆ. ಆದರೆ ಹಳೇದು ಪೂರ್ತಿ ತೆಗೀಬೇಕು." ಆ 'ಪೂರ್ತಿ'ಗೆ ಮೂರು ಭಾನುವಾರ ಹಿಡಿಯಿತು. ತಂತಿ ಬ್ರಶ್ಶು, ಎಮರಿ ಪೇಪರು, ಕೊನೆಗೆ ಥಿನ್ನರ್ ಅದ್ದಿದ ಬಟ್ಟೆ. ತೆಳುವಾಗಿ ಮೂರು ಕೋಟು, ಅದೂ ಹೊರಮೈಗೆ ಮಾತ್ರ. ಒಳಮೈಗೂ ತಿಂಡಿ ತಾಗುವ ಸರಳಿಗೂ ಪೇಂಟು ಬಳಿಯಬಾರದು. ಅದಕ್ಕೆ ದೋಸೆ ಕಾವಲಿಯ ಉಪಚಾರವೇ ಸರಿ: ತೊಳೆ, ಒರೆಸು, ಎಣ್ಣೆ ಸವರು.

ಬರ್ನರಿನ ಕೊಳವೆಯೊಳಗೆ ಬೇರೆಯೇ ಸಂಸಾರವಿತ್ತು. ಗ್ಯಾಸಿನ ಜೊತೆ ಗಾಳಿ ಬೆರೆತು ಬರಬೇಕಾದ ಆ ದಾರಿಯಲ್ಲಿ ತಂತಿ ತೂರಿಸಿ ಎಳೆದರೆ ಮಣ್ಣಿನ ಪುಟ್ಟ ಪುಟ್ಟ ಕೋಣೆಗಳು ಉದುರಿದವು. ಒಂದನ್ನು ಒಡೆದೆ. ಒಳಗೆ ಒಣಗಿದ ಏಳು ಜೇಡಗಳು ಕಾಲು ಮಡಚಿಕೊಂಡು ಒತ್ತೊತ್ತಾಗಿ ಮಲಗಿದ್ದವು. ಕಣಜವೊಂದು ಮರಿಗಳಿಗೆಂದು ಕೂಡಿಟ್ಟ ಬುತ್ತಿ. ನಮ್ಮ ಕುಟುಂಬದಲ್ಲಿ ಆ ಗ್ರಿಲ್ಲನ್ನು ಮೊದಲು ಅಡುಗೆಗೆ ಬಳಸಿದ್ದು ಅದೇ, ಅದೂ ಮಾಂಸಾಹಾರಕ್ಕೆ. ಕೊಳವೆ ಕಟ್ಟಿದ್ದಾಗಲೇ ಗ್ಯಾಸ್ ಹಚ್ಚಿದ್ದರೆ ಬೆಂಕಿ ಹಿಂದಕ್ಕೆ ತಿರುಗಿ ಹೊಡೆಯುತ್ತಿತ್ತು. ಹೆಂಡತಿಗೆ ಇದನ್ನು ಹೇಳಲಿಲ್ಲ.

ದುಬೈಯ ರೆಗ್ಯುಲೇಟರು ನಮ್ಮ 14.2 ಕಿಲೋ ಸಿಲಿಂಡರಿನ ಮೇಲೆ ಕೂರಲೇ ಇಲ್ಲ. ಗ್ಯಾಸಿನ ವಿಷಯದಲ್ಲಿ ಗೇಟಿನ ಪೇಂಟಿನ ಧೈರ್ಯ ನಡೆಯದು. ತಿಳಿದವರನ್ನೇ ಕರೆಸಿ ಇಲ್ಲಿನ ರೆಗ್ಯುಲೇಟರು, ಹೊಸ ಪೈಪು, ಜೆಟ್ಟು ಹಾಕಿಸಿದೆ. ಅವರು ಜೋಡಣೆಗಳಿಗೆಲ್ಲ ಸೋಪಿನ ನೀರು ಬಳಿದು, ಗುಳ್ಳೆ ಏಳುವುದಿಲ್ಲವೆಂದು ನೋಡಿಯೇ ಹೋದರು.

ಕೊಳೆತುಹೋದ ಸರಳುಗಳ ಬದಲಿಗೆ ಸ್ಟೀಲಿನದು ಮಾಡಿಸಲು ಕಾರ್ಕಳದ ಪರಿಚಯದ ವೆಲ್ಡಿಂಗ್ ಅಂಗಡಿಗೆ ಹೋದೆ. ಕೆಲಸ ಮುಗಿಯುವವರೆಗೆ ಬೆಟ್ಟ ಹತ್ತಿ ಗೊಮ್ಮಟನ ಎದುರು ನಿಂತೆ. 42 ಅಡಿ ಎತ್ತರ. 1432ರಿಂದ ಅದೇ ಮಳೆ, ಅದೇ ಬಿಸಿಲು, ಮೈಮೇಲೆ ಚೂರು ಬಟ್ಟೆಯಿಲ್ಲ, ಒಂದು ಕೋಟು ಪ್ರೈಮರ್ ಇಲ್ಲ. ಉಗುರಿನ ಸಂದಿಯಲ್ಲಿ ಕಪ್ಪು ಪೇಂಟಿದ್ದ ನನ್ನ ಕೈಗಳು ತಾವಾಗಿ ಜೋಡಿದವು.

ಕೊನೆಗೆ ಉದ್ಘಾಟನೆ. ಏನು ಸುಡುವುದೆಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಮಟ್ಟುಗುಳ್ಳ. ಕಟಪಾಡಿ ಪಕ್ಕದ ಮಟ್ಟುವಿನ ಈ ತೆಳು ಸಿಪ್ಪೆಯ ಹಸಿರು ಬದನೆಗೆ 2011ರಲ್ಲಿ ಭೌಗೋಳಿಕ ಮಾನ್ಯತೆಯೂ ಸಿಕ್ಕಿದೆ. ಎರಡು ಗುಳ್ಳಕ್ಕೆ ತೆಂಗಿನೆಣ್ಣೆ ಸವರಿ, ಸಿಡಿಯದಂತೆ ಚುಚ್ಚಿ, ಸರಳಿನ ಮೇಲಿಟ್ಟು ಮುಚ್ಚಳ ಹಾಕಿದೆ. ಸಿಪ್ಪೆ ಸುಕ್ಕಾಗಿ ಕಪ್ಪಾಯಿತು. ಪೇಂಟು ಮಿಸುಕಲಿಲ್ಲ. ಅಮ್ಮ ಸಿಪ್ಪೆ ಸುಲಿದು, ಹಸಿಮೆಣಸು ಉಪ್ಪು ನುರಿದು, ಮೊಸರು ಹಾಕಿ, ಒಗ್ಗರಣೆ ಕೊಟ್ಟರು. ಊಟದ ನಡುವೆ ತೀರ್ಪೂ ಬಂತು:

"ಗೊಜ್ಜು ಲಾಯ್ಕಾಗಿದೆ. ಬಚ್ಚಲ ಒಲೆಯ ಕೆಂಡದಲ್ಲಿ ಸುಟ್ಟರೂ ಹೀಗೆಯೇ ಆಗ್ತದೆ. ಅದಕ್ಕೆ ಪೇಂಟು ಬೇಡ."

ನಾನು ಎದುರು ಮಾತಾಡಲಿಲ್ಲ. ಗೊಜ್ಜಿನ ರುಚಿಗಿಂತ ಆ ಮೂರು ಭಾನುವಾರ ತುಕ್ಕು ಕೆರೆದದ್ದೇ ನನಗೆ ಹೆಚ್ಚು ರುಚಿಸಿತ್ತು ಎಂದರೆ ಅಮ್ಮನಿಗೆ ಅರ್ಥವಾಗುತ್ತಿರಲಿಲ್ಲ. ಹೆಂಡತಿಗೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ನಿಮ್ಮ ತಾರಸಿಯಲ್ಲಿ ಇಂಥದ್ದೊಂದು ಬಿದ್ದಿದ್ದರೆ, ಅವಳು ಮನೆಯಲ್ಲಿಲ್ಲದ ಹೊತ್ತು ನೋಡಿ ತಂದಿಡಿ. ಅರ್ಧ ಡಬ್ಬಿ ಕಪ್ಪು ಪೇಂಟು ಇನ್ನೂ ಉಳಿದಿದೆ.