ಅಳೀಮಯ್ಯನ ಏರುಪೇರು

ನಮ್ಮ ಕಡೆ ಅಳಿಯ ಬರುವುದಕ್ಕೊಂದು ಶಾಸ್ತ್ರವಿದೆ. ಮೊದಲು ಫೋನು ಬರಬೇಕು. ಆಮೇಲೆ ಆ ಸುದ್ದಿ ಹಿತ್ತಲಿನ ಕೋಳಿಗೆ ಮುಟ್ಟಬೇಕು. ಮಧ್ಯಾಹ್ನದ ಹೊತ್ತಿಗೆ ಕಾರು ಬಂದು, ಬೀದಿಯ ಮಕ್ಕಳೆಲ್ಲ ಅದರ ಹಿಂದೆ ಓಡಿ, ಅಳಿಯ ಇಳಿದು, ಪ್ಯಾಂಟಿನ ಮೇಲಿಲ್ಲದ ಧೂಳನ್ನು ಕೊಡವಿಕೊಂಡು ಒಳಗೆ ಬರಬೇಕು. ನಮ್ಮಣ್ಣನ ಅಳಿಯ ಮದುವೆಯಾದ ಮೊದಲೆರಡು ವರ್ಷ ಇದನ್ನು ಚಾಚೂ ತಪ್ಪದೆ ಪಾಲಿಸಿದ. ಮೂರನೇ ವರ್ಷ ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ, ಅತ್ತಿಗೆ ಕೊಟ್ಟಿಗೆಯ ಸಗಣಿ ಬಾಚುತ್ತಿದ್ದ ಹೊತ್ತಿನಲ್ಲಿ, ಬೆಂಗಳೂರಿನಿಂದ ಸೈಕಲ್ ಮೇಲೆ ಬಂದಿಳಿದ.

ಮೈಗಂಟಿದ ಕಪ್ಪು ಚಡ್ಡಿ, ಗಿಣಿಹಸಿರು ಅಂಗಿ, ತೂತುತೂತಿನ ಹೆಲ್ಮೆಟ್ಟು, ಜೀರುಂಡೆ ಕನ್ನಡಕ. ಅಳಿಯನನ್ನು ಕಂಡರೆ ಅತ್ತೆ ಸೆರಗು ಸರಿಮಾಡಿಕೊಳ್ಳುವುದು ರೂಢಿ. ಅಳಿಯನ ಚಡ್ಡಿಯನ್ನು ಏನು ಮಾಡಬೇಕೆಂದು ಯಾವ ಹಿರಿಯರೂ ಹೇಳಿಕೊಟ್ಟಿರಲಿಲ್ಲ. ಅತ್ತಿಗೆ ಒಳಗೋಡಿದರು. ಒಂದು ನಿಮಿಷಕ್ಕೆ ಒಳಗಿನಿಂದ ಅಣ್ಣನ ಹೊಸ ಪಂಚೆ ಹೊರಗೆ ಬಂತು, ತಂದುಕೊಟ್ಟವರ ಮುಖ ಕಾಣಲಿಲ್ಲ. ಅಳಿಯ ಪಂಚೆ ಸುತ್ತಿಕೊಂಡು ಹೊಸ್ತಿಲು ದಾಟಿದ. ದಾಟಿದ ಕೂಡಲೇ ಟಕ್ ಟಕ್ ಶಬ್ದ. ಅವನ ಬೂಟಿನ ಅಡಿಗೆ ಕ್ಲೀಟ್ ಎಂಬ ಗಟ್ಟಿ ಪ್ಲಾಸ್ಟಿಕ್ ತುಂಡು ಕೂರಿಸಿರುತ್ತಾರೆ, ಅದು ಪೆಡಲ್ಲಿಗೆ ಕಚ್ಚಿಕೊಳ್ಳುತ್ತದೆ. ಅಣ್ಣ ಬಗ್ಗಿ ನೋಡಿ, "ಲಾಳ ಹೊಡ್ಸಿದ್ದೀಯಲ್ಲಪ್ಪ!" ಎಂದ. ಕೆಂಪು ಗಾರೆಯ ನೆಲದ ಮೇಲೆ ಅಳಿಯ ಬಾತುಕೋಳಿಯ ಹಾಗೆ ನಾಲ್ಕು ಹೆಜ್ಜೆ ಇಟ್ಟು ಐದನೆಯದಕ್ಕೆ ಜಾರಿ ಕೂತ.

ಮಧ್ಯಾಹ್ನದೊಳಗೆ ಸುದ್ದಿ ಅರಳಿಕಟ್ಟೆ ತಲುಪಿತು. ಕಾರು ಮಾರಿಕೊಂಡನಂತೆ. ಕಂಪನಿಯವರು ಕೆಲಸದಿಂದ ತೆಗೆದರಂತೆ. ಪಾಪ, ಒಳಚಡ್ಡಿಯಲ್ಲೇ ಬಂದನಂತೆ. ಸಂಜೆ ಇಬ್ಬರು ಹಿರಿಯರು ಬಂದು ಜಗಲಿಯ ಮೇಲೆ ಕೂತು, ಮಳೆ, ಬೆಳೆ, ಹಿಪ್ಪುನೇರಳೆ ಸೊಪ್ಪಿನ ರೇಟು ಎಲ್ಲ ಮುಗಿಸಿ, ಕೊನೆಗೆ ಅಣ್ಣನ ಕಿವಿಯ ಹತ್ತಿರ ಬಾಗಿ, "ಕೈಗೆ ಏನಾರ ಬೇಕಿದ್ರೆ ಯೋಳಪ್ಪ. ಎಣ್ಣು ಕೊಟ್ಟ ಮ್ಯಾಲೆ ಬುಡಾಕಾಯ್ತದಾ?" ಅಂದರು.

ಸೈಕಲ್ಲಿನ ಬೆಲೆ ಮೂರು ಲಕ್ಷ ಎಂದು ಅಣ್ಣ ಮಾನ ಉಳಿಸಿಕೊಳ್ಳಲು ಹೇಳಬೇಕಾಯಿತು. ಹೇಳಬಾರದಿತ್ತು. ಮರುಕ ಹೋಗಿ ಅನುಮಾನ ಬಂತು. ಆ ದುಡ್ಡಿಗೆ ಒಳ್ಳೇ ಹಳ್ಳಿಕಾರ್ ಜೋಡಿ ಬರುತ್ತಿತ್ತು. ಇದಕ್ಕೆ ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಬೆಲ್ಲು ಕೂಡ ಇಲ್ಲ. ಅತ್ತಿಗೆ ಒಂದೇ ಕೈಯಲ್ಲಿ ಎತ್ತಿ ನೋಡಿದರು. "ಏಳೂವರೆ ಕೆಜಿ ಅತ್ತೆ!" ಎಂದ ಅಳಿಯ, ಎದೆಯುಬ್ಬಿಸಿ.

"ಮೂರು ಲಕ್ಸಕ್ಕೆ ಏಳೂವರೆ ಕೇಜಿನಾ? ಕೊಟ್ಟೋನು ತೂಕದಾಗೆ ಮೋಸ ಮಾಡವ್ನೆ ಬುಡಿ."

ನಮ್ಮಲ್ಲಿ ದುಡ್ಡು ಕೊಡುವುದು ತೂಕಕ್ಕೆ. ಬಾಳೆಗೊನೆಗೂ ಅಷ್ಟೆ, ರೇಷ್ಮೆಗೂಡಿಗೂ ಅಷ್ಟೆ. ಕಮ್ಮಿ ತೂಗಲೆಂದು ಜಾಸ್ತಿ ಕೊಡುವ ವ್ಯಾಪಾರವನ್ನು ಅತ್ತಿಗೆ ಕಂಡಿರಲಿಲ್ಲ. ದೊಡ್ಡ ದೊಡ್ಡ ಅಂತರರಾಷ್ಟ್ರೀಯ ರೇಸುಗಳಲ್ಲಿ ಸೈಕಲ್ಲು 6.8 ಕೆಜಿಗಿಂತ ಹಗುರ ಇರಕೂಡದೆಂಬ ಕಾನೂನೇ ಇದೆ, ನನಗೆ ಅಲ್ಲಿಗೆ ಹೋಗಲು ಇನ್ನು ಏಳುನೂರು ಗ್ರಾಂ ಬಾಕಿ, ಅದನ್ನು ಇಳಿಸಲು ಇನ್ನೊಂದು ಲಕ್ಷವಾದರೂ ಬೇಕು ಎಂದು ಅಳಿಯ ಬಿಡಿಸಿ ಹೇಳಿದ. "ಒಂದೊತ್ತು ಮುದ್ದೆ ಬುಟ್ರೆ ನಿಮ್ಮ ಮೈನಾಗೇ ಇಳಿಯಾಕಿಲ್ವಾ ಅಳೀಮಯ್ಯ?" ಎಂದರು ಅತ್ತಿಗೆ. ಸೈಕಲ್ ಪ್ರಪಂಚದವರು ಈ ಪ್ರಶ್ನೆಯನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲವೆಂದು ಆಮೇಲೆ ತಿಳಿಯಿತು.

ಇವನೊಬ್ಬನೇ ಆಗಿದ್ದರೆ ಮನೆಯ ವಿಷಯವೆಂದು ಸುಮ್ಮನಿರುತ್ತಿದ್ದೆ. ಭಾನುವಾರ ನಮ್ಮೂರ ಟೀ ಅಂಗಡಿ ಮುಂದೆ ಕೂತರೆ ಈ ಜಾತಿಯವರು ಹಿಂಡುಹಿಂಡಾಗಿ ಸಿಗುತ್ತಾರೆ. ಮೂವತ್ತೈದರಿಂದ ಐವತ್ತರೊಳಗಿನ ವಯಸ್ಸು. ವಾರವೆಲ್ಲ ಕಂಪ್ಯೂಟರ್ ಮುಂದೆ. ಮಂಡಿನೋವಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದಕ್ಕೆ ಸೈಕಲ್ ಶುರುಮಾಡಿರುತ್ತಾರೆ. ಈಗ ಸೈಕಲ್ಲಿಗಾಗಿ ಮಂಡಿಗೆ ಚಿಕಿತ್ಸೆ ಮಾಡಿಸಿಕೊಳ್ಳುತ್ತಿರುತ್ತಾರೆ. ಹೆಂಡತಿ ಕೊತ್ತಂಬರಿ ಸೊಪ್ಪು ತಾ ಎಂದರೆ ಮೂಲೆಯಂಗಡಿಗೆ ಸ್ಕೂಟರಿನಲ್ಲಿ ಹೋಗುವವನು ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ತಲಘಟ್ಟಪುರ, ಕಗ್ಗಲೀಪುರ, ಹಾರೋಹಳ್ಳಿ, ಕನಕಪುರ ದಾಟಿ, ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ತುಳಿದು, ನಮ್ಮೂರಲ್ಲಿ ಹತ್ತು ರೂಪಾಯಿಯ ಟೀ ಕುಡಿದು, "ಅಬ್ಬ, ಈ ಟೀ ಬೆಂಗಳೂರಲ್ಲಿ ಎಲ್ಲಿ ಸಾರ್ ಸಿಗುತ್ತೆ!" ಅನ್ನುತ್ತಾನೆ. ಟೀ ಅಂಗಡಿಯವಳು ಸಕ್ಕರೆ ಜಾಸ್ತಿ ಹಾಕಿರುತ್ತಾಳೆ, ಅಷ್ಟೆ.

ಬೆಂಗಳೂರನ್ನು ಬಿಟ್ಟು ಬಂದೆವೆಂಬ ಅವರ ಖುಷಿಗೂ ಈಚೆಗೆ ಕುತ್ತು ಬಂದಿದೆ. 2007ರಲ್ಲಿ ನಮ್ಮದು ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಮೂರೂವರೆ ಗಂಟೆ ಬೆವರು ಸುರಿಸಿ ಬಂದವನಿಗೆ ನೀನಿನ್ನೂ ಬೆಂಗಳೂರಿನಲ್ಲೇ ಇದ್ದೀಯ ಎಂದು ತಿಳಿಸಿದಾಗ ಅವನ ಮುಖ ನೋಡಬೇಕು. ನಮ್ಮೂರಿಗೂ ಹೊರಗಿನವರಿಗೂ ಮೊದಲಿಂದ ಒಂದಕ್ಷರದ ಸಂಬಂಧ. ಡಿ.ಕೆ. ಶಿವಕುಮಾರ್ ಅವರ ಹೆಸರಿನ 'ಡಿ' ಎಂದರೆ ದೊಡ್ಡಆಲಹಳ್ಳಿಯೇ. ರಾಜ್ಯವೆಲ್ಲ ದಿನಕ್ಕೆ ನೂರು ಸಲ ನಮ್ಮೂರ ಹೆಸರು ಹೇಳುತ್ತದೆ, ಅದು ಊರೆಂದು ಗೊತ್ತಿಲ್ಲದೆ. ಸೈಕಲ್ಲಿನವರಿಗೆ ಇಷ್ಟೂ ಬೇಕಿಲ್ಲ. ಅವರ ನಕ್ಷೆಯಲ್ಲಿ ನಾವು 'ಘಾಟಿಗೆ ಮುಂಚೆ ನೀರು ತುಂಬಿಸುವ ಜಾಗ'.

ಭಾಷೆಯದೇ ಒಂದು ತೊಡಕು. ಕನಕಪುರ ದಾಟಿದ ಮೇಲೆ ರಸ್ತೆ ದಿಣ್ಣೆ ಹತ್ತಿ ಹಳ್ಳಕ್ಕಿಳಿದು ಮತ್ತೆ ದಿಣ್ಣೆ ಹತ್ತುತ್ತದೆ. ನಮಗೆ ಅದು ಏರು, ಇಳಿಜಾರು, ಬೋರೆ. ಅಳಿಯನಿಗೆ ಅದು 'ರೋಲರ್ಸ್'. "ಕನಕಪುರದಿಂದ ಈಚೆಗೆ ಬರೀ ರೋಲರ್ಸ್ ಮಾವ" ಎಂದಾಗ ಅಣ್ಣ, ರಸ್ತೆ ರಿಪೇರಿ ಕೊನೆಗೂ ಶುರುವಾಯಿತೆಂದು ಸಂತೋಷಪಟ್ಟ. ಇನ್ನೊಂದು ಸಲ, "ಇವತ್ತು ಗೇನ್ ಎಷ್ಟು ಗೊತ್ತಾ? ಎಂಟುನೂರು ಮೀಟರ್!"

"ಮೀಟರೋ ಗೇಣೋ, ಒಂದ್ ಯೋಳಪ್ಪ."

ದಾರಿಯಲ್ಲಿ ಹತ್ತಿದ ದಿಣ್ಣೆಗಳನ್ನೆಲ್ಲ ಕೂಡುತ್ತಾ ಹೋಗುವುದು, ಇಳಿದದ್ದನ್ನು ಮಾತ್ರ ಕಳೆಯದಿರುವುದು, ಗೇನ್ ಎಂದರೆ ಇದು. ಇಂಥ ಲೆಕ್ಕ ಬರೆದವರನ್ನು ಒಳಗೆ ಹಾಕುತ್ತಾರೆ ಎಂದು ಅಣ್ಣ ಎಚ್ಚರಿಸಿದ.

ಅಳಿಯನ ಅಂಗಿಯ ಬೆನ್ನಿಗೆ ಮೂರು ಜೇಬು. ಅದರೊಳಗಿಂದ ಒಂದು ಪೊಟ್ಟಣ ತೆಗೆದು ಹಲ್ಲಲ್ಲಿ ಹರಿದು ಬಾಯಿಗೆ ಸುರಿದುಕೊಳ್ಳುತ್ತಾನೆ. ಅದು ಶಕ್ತಿಯ ಜೆಲ್. "ಹುಡುಗ ಚಿನ್ನದಂಥವ್ನು, ಆ ಗುಟ್ಕಾ ಒಂದು ಬುಡಿಸ್ರಪ್ಪ" ಎಂದು ನಮ್ಮ ಸೋದರತ್ತೆ ಇವತ್ತಿಗೂ ದೇವರಿಗೆ ಹರಕೆ ಹೊರುತ್ತಾಳೆ.

ಬ್ರೆವೆ ಎಂಬುದೊಂದಿದೆ, ಫ್ರಾನ್ಸಿನಿಂದ ಬಂದ ವ್ರತ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಬಹುಮಾನವಿಲ್ಲ, ಮೊದಲನೆಯವನು ಕೊನೆಯವನು ಎಂಬುದೂ ಇಲ್ಲ. ಇದರ ಕಾಶಿ ಎಂದರೆ ಪ್ಯಾರಿಸ್ಸಿನಿಂದ ಬ್ರೆಸ್ಟ್ ಎಂಬ ಊರಿಗೆ ಹೋಗಿ ವಾಪಸು ಬರುವ 1,200 ಕಿಲೋಮೀಟರ್, 90 ಗಂಟೆ ಗಡುವು. 1891ರಲ್ಲಿ ರೇಸಾಗಿ ಶುರುವಾದದ್ದು ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ದಾರಿಯಲ್ಲಿ ಇಂಥಿಂಥ ಕಡೆ ಮುಟ್ಟಿದೆನೆಂಬುದಕ್ಕೆ ಪುರಾವೆ ಬೇಕು, ಎಟಿಎಂ ಚೀಟಿಯೋ ಅಂಗಡಿಯ ಬಿಲ್ಲೋ. ನಮ್ಮ ಟೀ ಅಂಗಡಿಯವಳನ್ನು ಒಬ್ಬ ರಸೀದಿ ಕೇಳಿದ. ಅವಳು ಹೊಟ್ಟೆ ಹಿಡಿದು ನಕ್ಕು, ಆಮೇಲೆ ಇನ್‌ಕಂ ಟ್ಯಾಕ್ಸಿನವನೇ ವೇಷ ಹಾಕಿಕೊಂಡು ಬಂದಿದ್ದಾನೆಂದು ಹೆದರಿ, ಎರಡು ದಿನ ಬಾಗಿಲು ತೆಗೆಯಲಿಲ್ಲ.

ಬೆಂಗಳೂರಿನ ಸೈಕಲ್ಲಿಗರಿಗೆ ಎರಡು ಕ್ಷೇತ್ರ. ಒಂದು ವಾರ ನಂದಿಬೆಟ್ಟ, ಇನ್ನೊಂದು ವಾರ ಸಂಗಮ. ನಂದಿಬೆಟ್ಟದಲ್ಲಿ ಅರ್ಕಾವತಿ ಹುಟ್ಟುತ್ತಾಳೆ. ಸುಮಾರು 190 ಕಿಲೋಮೀಟರ್ ಹರಿದು, ಹಾರೋಬೆಲೆ ಕಟ್ಟೆ ದಾಟಿ, ಚುಂಚಿಯಲ್ಲಿ ಧುಮುಕಿ, ನಮ್ಮೂರಿನ ಕೆಳಗೆ ಸಂಗಮದಲ್ಲಿ ಕಾವೇರಿಗೆ ಸೇರುತ್ತಾಳೆ. ಅಂದರೆ ಇವರು ಒಂದು ಭಾನುವಾರ ಒಂದು ಹೊಳೆಯ ಹುಟ್ಟು, ಮುಂದಿನ ಭಾನುವಾರ ಅದರ ಕೊನೆ ನೋಡಿ ಬರುತ್ತಾರೆ. ನಡುವೆ ಆ ಹೊಳೆ ಏನೇನು ಕಂಡಿತೆಂದು ಬೆಂಗಳೂರಿನವರಿಗೆ ನಾನು ಹೇಳಬೇಕಿಲ್ಲ. ಈ ವಿಷಯವನ್ನು ಅಳಿಯನಿಗೆ ಬಹಳ ಗಂಭೀರವಾಗಿ ಹೇಳಿದೆ. ಅವನೂ ಗಂಭೀರವಾಗಿ ಯೋಚಿಸಿ, "190 ಅಂದ್ರೆ ಇನ್ನು ಹತ್ತು ಕಿಲೋಮೀಟರ್ ಸೇರಿಸಿದ್ರೆ ಒಂದು ಬ್ರೆವೆ ಆಗುತ್ತೆ ಚಿಕ್ಕಮಾವ" ಎಂದ. ಉತ್ಪ್ರೇಕ್ಷೆಯಲ್ಲ. ಮನೆಯಿಂದ ಸಂಗಮಕ್ಕೆ ಹೋಗಿಬಂದರೆ ಎರಡು ನೂರಕ್ಕೆ ಹತ್ತು ಹನ್ನೆರಡು ಕಮ್ಮಿ ಬೀಳುತ್ತದೆಂದು, ತನ್ನ ಬಡಾವಣೆಯ ಪಾರ್ಕನ್ನು ಸುತ್ತಿ ಸುತ್ತಿ ಭರ್ತಿ ಮಾಡಿಕೊಳ್ಳುವವನು ಅವನು. ವಾಚ್‌ಮನ್ ಒಂದೆರಡು ಸಲ ತಡೆದು ಏನು ಕಳೆದುಕೊಂಡಿದ್ದೀರಿ ಸಾರ್ ಎಂದು ಕೇಳಿದ್ದಾನೆ.

ಈಗ ಘಾಟಿಯ ಮಾತು. ನಂದಿಬೆಟ್ಟ ನ್ಯಾಯವಾದ ಬೆಟ್ಟ. ಮೊದಲು ಹತ್ತಿಸುತ್ತದೆ, ಆಮೇಲೆ ಪುಕ್ಕಟೆ ಇಳಿಸುತ್ತದೆ. ನಮ್ಮದು ಹಾಗಲ್ಲ. ಕನಕಪುರ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರ; ಸಂಗಮ ಅದಕ್ಕಿಂತ ಇನ್ನೂರಕ್ಕೂ ಹೆಚ್ಚು ಮೀಟರ್ ಕೆಳಗೆ. ದೊಡ್ಡಆಲಹಳ್ಳಿ ಬಿಟ್ಟ ಮೇಲೆ ಕಾಡು ಶುರುವಾಗಿ ರಸ್ತೆ ತಿರುವುಮುರುವಾಗಿ ಕಾವೇರಿಯ ಕಣಿವೆಗೆ ಜಾರುತ್ತದೆ. ಬೆಳಗಿನ ತಂಪು, ಬಿದಿರುಮೆಳೆ, ಎಲ್ಲೋ ನವಿಲು. ಪೆಡಲ್ ಮುಟ್ಟುವ ಹಾಗೇ ಇಲ್ಲ. ಇಳಿಯುವಾಗ ಅದು ಕೈಸಾಲ. ವಾಪಸು ಬರುವಾಗ ಹನ್ನೊಂದರ ಬಿಸಿಲಿನಲ್ಲಿ ಅದೇ ರಸ್ತೆ ಸಾಲ ವಸೂಲಿಗೆ ನಿಂತಿರುತ್ತದೆ, ಮೀಟರ್ ಬಡ್ಡಿ ಸಮೇತ. 2022ರ ಜನವರಿ 9ರಂದು ಮೇಕೆದಾಟು ಪಾದಯಾತ್ರೆ ಸಂಗಮದಿಂದ ಹೊರಟಾಗ ಮೊದಲ ದಿನ ನಮ್ಮೂರಿಗೆ ಬಂದು ಮುಟ್ಟಿತು. ಹದಿನೈದು ಕಿಲೋಮೀಟರಿನ ಆ ದಾರಿಯಲ್ಲಿ ಎಂಥೆಂಥ ಮುಖಂಡರು ಬಣಭೇದ ಮರೆತು ಏದುಸಿರು ಬಿಟ್ಟರೆಂದು ನಾವು ಕಂಡಿದ್ದೇವೆ. ಅವರು ಹತ್ತಿದ್ದು ಕುಡಿಯುವ ನೀರಿಗೆ. ನಮ್ಮ ಅಳಿಯ ಹತ್ತುವುದು ನೀರು ಕುಡಿಯುತ್ತಾ.

ನಾನೂ ಆ ರಸ್ತೆಯಲ್ಲಿ ಸೈಕಲ್ ತುಳಿದವನೇ. ಇಪ್ಪತ್ತೆರಡು ಇಂಚಿನ ಅಟ್ಲಾಸು, ಕ್ಯಾರಿಯರ್ ಮೇಲೆ ಮೂಟೆ. ಏರು ಬಂದರೆ ಇಳಿದು ತಳ್ಳುತ್ತಿದ್ದೆವು. ಹಾಗೆ ತಳ್ಳುವುದು ಸೈಕಲ್ಲಿನ ಕೆಲಸದ ಭಾಗವೇ ಆಗಿತ್ತು. ಅಳಿಯನ ಕಡೆಯವರಲ್ಲಿ ಇಳಿದು ತಳ್ಳುವುದೆಂದರೆ ಜಾತಿ ಕೆಟ್ಟ ಹಾಗೆ.

ಒಂದು ಭಾನುವಾರ ಅಳಿಯ ಸಂಗಮದ ಬಂಡೆಯ ಮೇಲೆ ನಿಂತು ಸೈಕಲ್ಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಫೋಟೋ ತೆಗೆಸಿಕೊಂಡಿದ್ದಾನೆ. ಇವರೆಲ್ಲ ಯಾಕೆ ಹಾಗೆ ಎತ್ತುತ್ತಾರೋ ಗೊತ್ತಿಲ್ಲ. ಅಷ್ಟು ದೂರ ಹೊತ್ತು ತಂದದ್ದಕ್ಕೆ ಋಣ ತೀರಿಸುವುದಿರಬೇಕು. ವಾಪಸು ಬರುವಾಗ ಘಾಟಿಯ ಬುಡದಲ್ಲೇ ಕಾಲು ಸೋತಿತು. ನನಗೆ ಫೋನು.

"ಚಿಕ್ಕಮಾವ, ಬಾಂಕ್ ಆಗೋಯ್ತು."

"ಭಾನುವಾರ ಯಾವ ಬ್ಯಾಂಕಪ್ಪಾ?"

ಮೈಯಲ್ಲಿದ್ದ ಸಕ್ಕರೆಯೆಲ್ಲ ಮುಗಿದು ಕೈಕಾಲು ಬಿಟ್ಟುಹೋಗುವುದಕ್ಕೆ ಅವರು ಬಾಂಕ್ ಅನ್ನುತ್ತಾರಂತೆ. ಸಂಗಮದ ಅಂಗಡಿಗಳಿಗೆ ಕೂಲ್‌ಡ್ರಿಂಕ್ಸ್ ಇಳಿಸಿ ಬರುತ್ತಿದ್ದ ನಮ್ಮ ಬೀದಿಯ ಹುಡುಗನಿಗೆ ಹೇಳಿದೆ. ಅವನು ಲಗೇಜ್ ಆಟೋದಲ್ಲಿ ಖಾಲಿ ಬಾಟಲಿಯ ಕ್ರೇಟುಗಳ ಮೇಲೆ ಗೋಣಿಚೀಲ ಹಾಸಿ ಮೂರು ಲಕ್ಷವನ್ನು ಮಲಗಿಸಿ, ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಘಾಟಿಯನ್ನು ಒಂದೇ ಉಸಿರಿಗೆ ಹತ್ತಿಸಿ ತಂದ. ಅವತ್ತು ಮನೆಯಲ್ಲಿ ರೇಷ್ಮೆಹುಳು ನಾಲ್ಕನೇ ಜ್ವರ ಎದ್ದಿದ್ದವು, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟಿದ್ದವು. ಆ ಹೊತ್ತಿನಲ್ಲಿ ಹುಳು ಎಷ್ಟು ಸೊಪ್ಪು ತಿನ್ನುತ್ತವೆಂದು ಸಾಕಿದವರಿಗೆ ಗೊತ್ತು. ಅಳಿಯ ಅದೇ ಸದ್ದಿನಲ್ಲಿ ಮೂರು ಮುದ್ದೆ, ಅರ್ಧ ಕೋಳಿ ಮುಗಿಸಿದ. ಆಮೇಲೆ ಹುಳುಮನೆಯ ಬಾಗಿಲಲ್ಲೇ ನಿಂತು ಕಾಲಿಗೆ ನೋವಿನ ಸ್ಪ್ರೇ ಹೊಡೆದುಕೊಂಡ. ಆ ಘಾಟು ತಾಗಿದರೆ ಹುಳು ಉಳಿಯುತ್ತವೆಯೇ? ಮದುವೆಯಾದ ಮೇಲೆ ಮೊದಲ ಬಾರಿ ಅತ್ತೆ ಅಳಿಯನಿಗೆ ಎದುರು ನಿಂತು ಬೈದರು. ಪಂಚೆ, ಸೆರಗು ಎಲ್ಲ ಅಂದಿಗೆ ಮುಗಿಯಿತು, ಈಗ ಅವರಿಬ್ಬರೂ ಬಹಳ ಸಲೀಸು.

ಸಂಜೆ ಅವನ ಫೋನು ಟಿಂಗ್ ಟಿಂಗ್ ಎನ್ನತೊಡಗಿತು. ಸ್ಟ್ರಾವಾ ಎಂಬ ಆ್ಯಪಿದೆ. ಒಂದೊಂದು ಏರನ್ನು ಯಾರು ಎಷ್ಟು ಹೊತ್ತಿಗೆ ಹತ್ತಿದರೆಂದು ಪಟ್ಟಿ ಇಟ್ಟು, ಎಲ್ಲರಿಗಿಂತ ಬೇಗ ಹತ್ತಿದವನಿಗೆ ಬೆಟ್ಟದ ರಾಜನೆಂದು ಕಿರೀಟ ತೊಡಿಸುತ್ತದೆ. ಹ್ಯಾಂಡಲ್ಲಿನ ಮೇಲಿದ್ದ, ಈ ಲೆಕ್ಕ ಬರೆದುಕೊಳ್ಳುವ ಯಂತ್ರವನ್ನು ಆಟೋಗೆ ಹತ್ತಿಸುವಾಗ ಅಳಿಯ ಆಫ್ ಮಾಡಿರಲಿಲ್ಲ. ಬೆಂಗಳೂರಿನ ಗೆಳೆಯರೆಲ್ಲ ಬೆಚ್ಚಿಬಿದ್ದು ಶಭಾಸ್ ಹೇಳುತ್ತಿದ್ದರು. ಒಬ್ಬ ಮಾತ್ರ, ಇಷ್ಟು ವೇಗದಲ್ಲೂ ನಿನ್ನ ಎದೆಬಡಿತ ಏರಿಲ್ಲವಲ್ಲ, ಏನು ತಿನ್ನುತ್ತೀಯ ಎಂದು ಕೇಳಿದ್ದ.

"ನಿಜವಾಗ್ಲೂ ನೋಡ್ಕೊಳ್ಲಿಲ್ಲ ಚಿಕ್ಕಮಾವ" ಎಂದ ಅಳಿಯ, ಕುಗ್ಗಿಹೋಗಿ. ಪ್ರಾಮಾಣಿಕ ಹುಡುಗ, ಸೋಮವಾರ ಸಂಜೆ ಅಳಿಸಿಹಾಕಿದ. ಭಾನುವಾರ ರಾತ್ರಿಯೇ ಯಾಕೆ ಅಳಿಸಲಿಲ್ಲವೆಂದು ನಾನೂ ಕೇಳಲಿಲ್ಲ. ಒಂದು ರಾತ್ರಿಯಾದರೂ ರಾಜನಾಗಿ ಮಲಗಲಿ.

ವಿಷಯ ನನ್ನ ಬಾಯಿಂದಲೇ ಆಟೋ ಹುಡುಗನ ಕಿವಿಗೆ ಬಿತ್ತು. ಅವನು ಟೀ ಲೋಟ ಕೆಳಗಿಟ್ಟ.

"ಗಾಡಿ ನಂದು, ಡೀಸೆಲ್ ನಂದು, ಓಡ್ಸಿದ್ದು ನಾನು. ನನ್ ರೆಕಾಡ್ ಅಳ್ಸಾಕೆ ಅವರ್ಯಾರಣ್ಣ?"

ಸಮಾಧಾನ ಮಾಡಲು ನೋಡಿದೆ. ಅವನು ಸ್ವಲ್ಪ ಹೊತ್ತು ಘಾಟಿಯ ಕಡೆಗೇ ನೋಡುತ್ತಾ ಕೂತಿದ್ದು, ಆಮೇಲೆ ಹತ್ತಿರ ಸರಿದ.

"ಮುಂದಿನ ವಾರ ಅಳೀಮಯ್ಯ ಬತ್ತಾರಾ? ಬಂದ್ರೆ ಆ ಮಿಷನ್ನು ಒಂದ್ಸಲ ಕೊಡಾಕೇಳು. ಅವತ್ತು ಗಾಡೀಲಿ ಕ್ರೇಟ್ ಇದ್ವು, ಅವರೂ ಇದ್ರು. ಖಾಲಿ ಗಾಡೀಲಿ ಇನ್ನೂ ಎಲ್ಡು ನಿಮಿಷ ಕಮ್ಮಿ ಮಾಡ್ತೀನಿ."